ಲೈಟ್ ಪೆನ್ನಿಗೆ ಪೂಜೆ

ಪರೀಕ್ಷೆಗೆಂದು ತರಿಸಿದ್ದ ಕಂಪ್ಯೂಟರನ್ನು ನಡೆಸಲು ಹೊಸದಾಗಿ ಸೇರಿದ್ದ ವಿಮಲಾ ಮತ್ತೆ ಲೈಟ್ ಪೆನ್ನನ್ನು ಅದರ ಪರದೆಗೆ ಒತ್ತಿದಳು. ಗೆರೆ ಮೂಡಲಿಲ್ಲ. ಹಿಂದೆ ಕೈಕಟ್ಟಿ ನಿಂತಿದ್ದ ಮಾಲೀಕ ಶಂಭುಲಿಂಗಪ್ಪನವರು ಗಡಿಯಾರ ನೋಡಿಕೊಂಡರು.

“ಹಬ್ಬಕ್ಕೆ ಮುಂಚೆ ಚೆನ್ನಾಗೇ ಇತ್ತಲ್ಲಮ್ಮ?”

“ಇತ್ತು ಸಾರ್. ಬೆಳಿಗ್ಗೆಯಿಂದ ಹಿಂಗಾಡ್ತಿದೆ. ವೈರ್ ಎಲ್ಲ ನೋಡ್ದೆ, ಎಲ್ಲೂ ಲೂಸ್ ಇಲ್ಲ.”

“ಮಧ್ಯಾಹ್ನ ಕಂಪ್ಯೂಟರ್ ಕಂಪನಿಯೋರು ಬರ್ತಾರೆ. ಅಷ್ಟರಲ್ಲಿ ಒಂದು ಗೆರೆ ಎಳೆದು ತೋರ್ಸು, ಇಟ್ಕೊಳ್ತೀನಿ. ಇಲ್ದಿದ್ರೆ ಹೊತ್ಕೊಂಡು ಹೋಗ್ಲಿ. ನಮ್ಗೆ ಅನಂತರಾಮು ಕೈ ಇದೆ, ಸಾಕು.”

ಅನಂತರಾಮು ಜೆ.ಪಿ. ನಗರದ ಆ ಪುಟ್ಟ ಕಂಪನಿಯ ಹೆಡ್ ಡ್ರಾಫ್ಟ್ಸ್‌ಮನ್. ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳ ನಕ್ಷೆಗಳೆಲ್ಲ ಅವರ ಬೋರ್ಡಿನ ಮೇಲೇ ಹುಟ್ಟುತ್ತಿದ್ದವು. ಕಂಪ್ಯೂಟರ್ ಉಳಿದರೆ ಬೋರ್ಡುಗಳೂ ಬೇಡ, ಅವುಗಳ ಮುಂದೆ ಕೂರುವವರೂ ಬೇಡ ಎಂದು ಮಾಲೀಕರು ದಸರಾಕ್ಕೆ ಮೊದಲೇ ಸೂಚನೆ ಕೊಟ್ಟಿದ್ದರು. ಐವತ್ತು ದಾಟಿದ ಮನುಷ್ಯನನ್ನು ಹೊಸದಾಗಿ ಯಾರು ಕೆಲಸಕ್ಕೆ ಕರೆಯುತ್ತಾರೆ? ಈಗ ಮಾಲೀಕರ ಮಾತು ಕೇಳಿ ಪಕ್ಕದ ಬೋರ್ಡಿನ ದೇವದಾಸ್ ಮೆಲ್ಲಗೆ, “ಉಳ್ಕೊಂಡ್ವಿ ಸಾರ್” ಎಂದ. ಅನಂತರಾಮು ಅವರಿಗೂ ಖುಷಿಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆದರೂ ಆ ಹುಡುಗಿಯ ಸಪ್ಪೆ ಮುಖ ನೋಡಲಾಗಲಿಲ್ಲ. ಎದ್ದು ಹೋಗಿ, “ಇಂಕು ಖಾಲಿಯಾಗಿರಬೋದೇನಮ್ಮ?” ಎಂದರು.

ಅಷ್ಟು ಬೇಸರದಲ್ಲೂ ವಿಮಲಾ ನಕ್ಕುಬಿಟ್ಟಳು. “ಇದ್ರಲ್ಲಿ ಇಂಕೇ ಇಲ್ಲ ಸಾರ್. ಇದು ಬರೆಯೋ ಪೆನ್ ಅಲ್ಲ, ನೋಡೋ ಪೆನ್. ಟಿ.ವಿ. ಥರಾನೇ ಈ ಪರದೆ ಮೇಲೂ ಒಂದು ಬೆಳಕಿನ ಚುಕ್ಕಿ ಸಾಲುಸಾಲಾಗಿ ಓಡ್ತಾನೇ ಇರತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಅಷ್ಟು ಸ್ಪೀಡು. ಪೆನ್ನಿನ ತುದೀಲಿ ಸಾಸಿವೆಯಷ್ಟು ತೂತಿದೆ ನೋಡಿ, ಅದರೊಳಗೆ ಇದಕ್ಕೊಂದು ಕಣ್ಣು. ಚುಕ್ಕಿ ಎದುರಿಗೆ ಹಾದ ತಕ್ಷಣ ಪೆನ್ನು ‘ಕಂಡೆ’ ಅನ್ನತ್ತೆ. ಆಗ ಚುಕ್ಕಿ ಎಲ್ಲಿತ್ತು ಅಂತ ಕಂಪ್ಯೂಟರಿಗೆ ಗೊತ್ತು. ಅಂದ್ರೆ ಪೆನ್ನೂ ಅಲ್ಲೇ ಇದೆ ಅಂತ. ಗೆರೆ ಎಳೆಯೋದು ಕಂಪ್ಯೂಟರೇ ಸಾರ್. ಈಗ ಪೆನ್ನು ಏನೂ ಹೇಳ್ತಾನೇ ಇಲ್ಲ. ಒಳಗೆ ಏನೋ ಸುಟ್ಟೋಗಿರಬೇಕು.”

ಅನಂತರಾಮು ಅವರಿಗೆ ಮೊನ್ನೆಯ ಪೂಜೆ ನೆನಪಾಯಿತು. ಆ ಆಫೀಸಿನಲ್ಲಿ ಆಯುಧಪೂಜೆ ಅವರದೇ ಕೈಯಿಂದ ಆಗಬೇಕು. ಮೊನ್ನೆಯೂ ಅಳತೆಪಟ್ಟಿ, ಕೈವಾರ, ಬೋರ್ಡು, ಎಲ್ಲಕ್ಕೂ ಗಂಧ ಹಚ್ಚಿ ಬನಶಂಕರಿ ಗುಡಿಯ ಕುಂಕುಮ ಇಟ್ಟಿದ್ದರು. ಪೆನ್ನಿಗಾದರೆ ನಿಬ್ಬಿಗೇ ಗಂಧ ಇಡುವುದು ಅವರ ರೂಢಿ. ಇದು ಹೊಸದು, ಪರವೂರಿನಿಂದ ಬಂದದ್ದು ಎಂದು ತುದಿಗೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿದ್ದರು. ‘ನಮ್ಮನ್ನು ಬೀದಿಗೆ ಹಾಕಬೇಡಪ್ಪ’ ಎಂದು ಅದಕ್ಕೆ ಕೈಯನ್ನೂ ಮುಗಿದಿದ್ದರು. ಬೆಳಿಗ್ಗೆ ವಿಮಲಾ ಹೂವು ತೆಗೆದು, ಕುಂಕುಮ ಒರೆಸಿ ಶುರು ಮಾಡಿದ್ದಳು. ತೂತಿನೊಳಗೆ ಹೋಗಿ ಒಣಗಿದ್ದ ಗಂಧ ಅವಳಿಗೆ ಹೇಗೆ ಕಾಣಬೇಕು?

ಬೇಡಿಕೊಂಡದ್ದು ನೆರವೇರಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ಅನಂತರಾಮು ಡಬ್ಬಿ ತೆರೆದು ಮೊಸರನ್ನ ಕಲೆಸುತ್ತಾ ಕೂತರು. ತುತ್ತು ಬಾಯಿಗೆ ಹೋಗಲಿಲ್ಲ. ದೂರದ ಮೇಜಿನ ಮೇಲೆ ಆ ಪೆನ್ನು ಮಲಗಿತ್ತು. ತಾವೇ ಬೊಟ್ಟಿಟ್ಟ ಮೇಲೆ ಅದೂ ತಮ್ಮ ಆಯುಧಗಳಲ್ಲಿ ಒಂದಾಗಿತ್ತು. ಅದನ್ನು ಕುರುಡು ಮಾಡಿ, ಆ ತಪ್ಪನ್ನು ಒಂದು ಹುಡುಗಿಯ ತಲೆಗೆ ಕಟ್ಟಿ ಕಳಿಸುವುದು ಅವರಿಂದ ಆಗಲಿಲ್ಲ. ಕೈ ತೊಳೆದುಕೊಂಡು ಬಂದು ಒಂದು ಚೂರು ಹತ್ತಿಯನ್ನು ದೀಪದ ಬತ್ತಿಯಂತೆ ಹೊಸೆದು, ತುಸು ನೀರಿನಲ್ಲಿ ಅದ್ದಿ ಆ ತೂತಿನೊಳಗೆ ಮೆಲ್ಲಗೆ ತಿರುಗಿಸಿದರು.

“ಏನ್ ಮಾಡ್ತಿದ್ದೀರಾ ಸಾರ್?” ಬಾಗಿಲಲ್ಲಿ ವಿಮಲಾ ನಿಂತಿದ್ದಳು.

“ಗಂಧ ತೆಗೀತಿದ್ದೀನಮ್ಮ. ನಾನೇ ಇಟ್ಟಿದ್ದು. ಇದಕ್ಕೆ ಕಣ್ಣಿದೆ ಅಂತ ನಂಗೆ ಗೊತ್ತಿರ್ಲಿಲ್ಲ.”

ಅವಳು ಹಳದಿಯಾಗಿದ್ದ ಬತ್ತಿಯನ್ನು ನೋಡಿದಳು. ಆಮೇಲೆ ಅವರ ಬೋರ್ಡಿನ ಕಡೆ ನೋಡಿದಳು. “ನೀವು ಸುಮ್ನಿದ್ದಿದ್ರೆ ಇವತ್ತೇ ವಾಪಸ್ ಹೋಗ್ತಿತ್ತಲ್ಲ ಸಾರ್…”

“ಹೌದು ತಾಯಿ. ಅದನ್ನೇ ಯೋಚ್ನೆ ಮಾಡ್ತಾ ಊಟಾನೂ ಸೇರ್ಲಿಲ್ಲ.”

ಮಧ್ಯಾಹ್ನ ಎಲ್ಲರೂ ಪರದೆಯ ಸುತ್ತ ನೆರೆದರು. ವಿಮಲಾ ಪೆನ್ನು ತಾಗಿಸಿದಳು. ಹಸಿರು ಗೆರೆಯೊಂದು ಈ ತುದಿಯಿಂದ ಆ ತುದಿಗೆ ಸರ್ರನೆ ಓಡಿತು. ಶಂಭುಲಿಂಗಪ್ಪನವರು ಮೇಜು ತಟ್ಟಿ, “ಭೇಷ್! ದೇವದಾಸ್, ಸೋಮವಾರದಿಂದ ಆ ಬೋರ್ಡುಗಳನ್ನೆಲ್ಲ ತೆಗೆಸಿ ಜಾಗ ಮಾಡ್ಸಪ್ಪ” ಎಂದರು. ದೇವದಾಸ್ ತಲೆ ತಗ್ಗಿಸಿದ.

ವಿಮಲಾ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. “ಇನ್ನೊಂದು ಗೆರೆ ನೀವು ಎಳೀರಿ ಸಾರ್.”

ಅನಂತರಾಮು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್ನು ಹಿಡಿದರು. ಉಸಿರು ಬಿಗಿಹಿಡಿದು, ಯಾವಾಗಲೂ ಎಳೆಯುವ ಹಾಗೆಯೇ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದರು. ಗೆರೆ ಮೂಡಿತು. ಪೆನ್ನನ್ನು ಜೋಪಾನವಾಗಿ ಪಕ್ಕಕ್ಕಿಟ್ಟರು. ಆಮೇಲೆ ಮುಂದಕ್ಕೆ ಬಾಗಿ, ಇಂಕು ಒಣಗಲೆಂದು ಆ ಗಾಜಿನ ಮೇಲೆ ಮೆಲ್ಲಗೆ ಊದಿದರು.