ಹಾರ್ಮ್‌ಗೆ ಶಿಕ್ಷೆ ಕೊಟ್ಟವರು

ಇವತ್ತು ಹೇಳದೆ ಎದ್ದು ಹೋಗುವುದಿಲ್ಲ ಎಂದುಕೊಂಡೇ ರೋಲ್ಫ್ಸ್ ಬಾಗಿಲು ತಟ್ಟಿದರು.

ಮುದುಕಿ ಫೋಲ್ಕೆ ಬಾಗಿಲು ತೆರೆದಳು. "ಬನ್ನಿ ಜಡ್ಜ್ ಸಾಹೇಬ್ರೇ. ಚಹಾ ಆರ್ತಾ ಇದೆ. ಕೋರ್ಟಲ್ಲೂ ಹಿಂಗೇ ಜನಾನ ಕಾಯಿಸ್ತಿದ್ರಾ?"

ನಿವೃತ್ತರಾಗಿ ಲೇರ್ ಊರಿಗೆ ಬಂದಾಗಿನಿಂದ ಪ್ರತಿ ಭಾನುವಾರ ಅವರು ಇಲ್ಲಿಗೆ ಬರುತ್ತಿದ್ದರು. ಸೌದೆ ಒಡೆದುಕೊಡುತ್ತಿದ್ದರು, ಸೋರುವ ನಲ್ಲಿ ಸರಿಮಾಡುತ್ತಿದ್ದರು. ಯಾಕೆ ಬರುತ್ತೀರಿ ಎಂದು ಫೋಲ್ಕೆ ಒಮ್ಮೆಯೂ ಕೇಳಿರಲಿಲ್ಲ. ಗೋಡೆಯ ಮೇಲೆ ಅವಳ ಮಗ ಹಾರ್ಮ್‌ನ ಫೋಟೊ, ನಾವಿಕನ ಉಡುಪಿನಲ್ಲಿ. ಅವಳು ಯಾವಾಗಲೂ ಅದಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದಳು. ಫೋಟೊ ನೋಡುತ್ತ ಚಹಾ ಕುಡಿಯುವ ಪಾಳಿ ರೋಲ್ಫ್ಸ್‌ರದು.

ಎರಡನೇ ಮಹಾಯುದ್ಧದ ಕೊನೆಯ ವಸಂತದಲ್ಲಿ ಹಾರ್ಮ್ ಹಡಗು ಬಿಟ್ಟು ಮನೆಗೆ ಓಡಿಬಂದಿದ್ದ. ಯಾರೋ ಹಿಡಿದುಕೊಟ್ಟರು. ಯಾರೆಂದು ಸೇನಾ ನ್ಯಾಯಾಲಯ ವಿಚಾರಿಸಲಿಲ್ಲ. ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ತೀರ್ಪು ಓದಿದವರು ರೋಲ್ಫ್ಸ್. ಮರುದಿನ ಬೆಳಗ್ಗೆ ಹುಡುಗನನ್ನು ಗುಂಡಿಟ್ಟು ಕೊಂದರು.

ಜರ್ಮನಿ ಸೋತಿತು. ರೋಲ್ಫ್ಸ್ ಸೋಲಲಿಲ್ಲ. ಹೊಸ ಸರ್ಕಾರಕ್ಕೂ ನ್ಯಾಯಾಧೀಶರು ಬೇಕಿದ್ದರು. ಆಸ್ತಿ ಜಗಳಗಳು, ವಿಚ್ಛೇದನಗಳು, ಬಡ್ತಿ, ಬೀಳ್ಕೊಡುಗೆಯ ದಿನ ಹೂಗುಚ್ಛ. ಯಾರೂ ಏನೂ ಕೇಳಲಿಲ್ಲ. ಒಳಗೆಲ್ಲೋ ನೋಯಬೇಕಿತ್ತು ಎಂದು ಅವರಿಗೆ ಗೊತ್ತಿತ್ತು. ನೋಯುತ್ತಿರಲಿಲ್ಲ, ಜೋಮು ಹಿಡಿದ ಕಾಲಿನ ಹಾಗೆ.

ಫೋಲ್ಕೆ ಚಹಾ ಸುರಿದಳು. ಬಟ್ಟಲಿನ ತಳದಲ್ಲಿ ಕಲ್ಲುಸಕ್ಕರೆ ಚಟಪಟ ಬಿರಿಯಿತು.

"ಅಮ್ಮಾ, ನಿಮ್ಮ ಮಗನಿಗೆ ಮರಣದಂಡನೆ ಕೊಟ್ಟಿದ್ದು ನಾನು."

ಅವಳು ಚಮಚದಿಂದ ಕೆನೆ ಬಿಟ್ಟಳು. "ಗೊತ್ತು. ನೀವು ಬಂದ ಮೊದಲ್ನೇ ದಿನವೇ ಗುರುತು ಸಿಕ್ತು. ಆವತ್ತು ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನೀವು ನನ್ನ ಮುಂದೇನೇ ಊಟಕ್ಕೆ ಹೋದ್ರಿ."

"ಗೊತ್ತಿದ್ದೂ ಒಳಗೆ ಬಿಟ್ಕೊಂಡ್ರಾ?"

"ಇನ್ಯಾರ ಜೊತೆ ಕೂರ್ಲಿ?"

ರೋಲ್ಫ್ಸ್‌ಗೆ ಅರ್ಥವಾಗಲಿಲ್ಲ. "ಬೈಯಿರಿ ಅಮ್ಮಾ. ಹೊರಗೆ ಹೋಗು ಅನ್ನಿ. ಏನಾದ್ರೂ ಅನ್ನಿ."

ಫೋಲ್ಕೆ ಬಟ್ಟಲನ್ನು ಅವರತ್ತ ಸರಿಸಿದಳು.

"ಜೈಲಿಗೆ ಹಾಕ್ತಾರೆ, ಯುದ್ಧ ಮುಗಿಯೋವರೆಗೂ ಜೀವ ಉಳೀತದೆ ಅಂದ್ಕೊಂಡಿದ್ದೆ," ಎಂದಳು. "ಅಟ್ಟದ ಮೇಲೆ ಅಡಗಿದ್ದಾನೆ ಅಂತ ಹೋಗಿ ಹೇಳಿದ್ದು ನಾನೇ, ಸಾಹೇಬ್ರೇ."