ಹೂವಿನ ಅಪ್ಪಣೆ

ಪೂಜಾರಿ ಮಾರಿಮುತ್ತು ಒಂದು ಬಾಳೆಲೆ ಚೂರಿನಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು ಕಣಗಿಲೆ ಇಟ್ಟು, ಎರಡನ್ನೂ ಒಂದೇ ತರ ಮಡಿಸಿ ಮನೆದೇವರ ಪಾದದ ಬಳಿ ಹಾಕಿದ. ಬಿಳಿ ಬಂದರೆ ಅಪ್ಪಣೆ, ಕೆಂಪು ಬಂದರೆ ಬೇಡ. ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಉತ್ತಮಪಾಳಯದ ಈ ಮನೆಯವರು ಹೂ ಕೇಳದೆ ಹೆಜ್ಜೆ ಇಟ್ಟವರಲ್ಲ. ಈ ಸಲ ಕೇಳುತ್ತಿದ್ದದ್ದು ತೇನ್‌ಮೊಳಿಯ ಲಿವರಿನ ಮಾತು.

ಅವಳ ತಮ್ಮ ಸೇಕರನಿಗೆ ಪಿತ್ತನಾಳದ ಕ್ಯಾನ್ಸರ್. ಕೊಯ್ದು ತೆಗೆಯಲಾಗದ ಜಾಗದಲ್ಲಿ ಗಡ್ಡೆ ಕೂತಿತ್ತು. ಕೀಮೋ, ರೇಡಿಯೇಷನ್ ಮುಗಿದು ಸದ್ಯಕ್ಕೆ ಹರಡದೆ ನಿಂತಿದೆ. ಈಗಲೇ ಅವನ ಲಿವರ್ ಪೂರ್ತಿ ತೆಗೆದು ಅಕ್ಕನದರಲ್ಲಿ ಒಂದು ಭಾಗ ಕೂರಿಸಿದರೆ ಬದುಕುವ ದಾರಿಯುಂಟು ಎಂದಿದ್ದರು ಮದುರೈ ಡಾಕ್ಟರು. ಕೊಟ್ಟವರದ್ದು ಮತ್ತೆ ಬೆಳೆಯುತ್ತದೆ, ಆದರೆ ಅವರ ಜೀವಕ್ಕೂ ಚೂರು ಅಪಾಯ ಇದ್ದೇ ಇದೆ ಎಂದೂ ಮುಚ್ಚಿಡದೆ ಹೇಳಿದ್ದರು. ಮನೆಯಲ್ಲಿ ಹೊಂದಿಕೆಯಾದದ್ದು ಅವಳದೊಂದೇ.

ತೇನ್‌ಮೊಳಿ ಹೂಂ ಎಂದಿದ್ದಳು. ಒಳಗೆ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವ್ವ ಚಿನ್ನಮ್ಮಾಳ್ ತಿಂಗಳಿಂದ ಸೇಕರ, ಸೇಕರ ಎಂದು ಜಪಿಸುತ್ತಿದ್ದಳೇ ಹೊರತು, ನಿನಗೆ ಭಯವೇನೇ ಎಂದು ಒಂದು ಸಲವೂ ಕೇಳಿರಲಿಲ್ಲ. ಆ ಮನೆಯಲ್ಲಿ ಯಾವತ್ತೂ ಮಗನದೇ ಒಂದು ತೂಕ ಹೆಚ್ಚು. ಕೆಂಪು ಬರಲಪ್ಪಾ ಎಂದು ತೇನ್‌ಮೊಳಿ ಕಣ್ಣು ಮುಚ್ಚಿ ಬೇಡಿದಳು. ಬೇಡಿದ್ದಕ್ಕೆ ನಾಚಿಕೆಯೂ ಆಯಿತು.

"ಹೆತ್ತವಳು ನೀನೇ ಎತ್ತು ತಾಯಿ," ಎಂದ ಮಾರಿಮುತ್ತು.

ಚಿನ್ನಮ್ಮಾಳ್ ಒಂದು ಪೊಟ್ಟಣ ಎತ್ತಿ ಬಿಚ್ಚಿದಳು. ಬಿಳಿ.

"ಅಪ್ಪಣೆ ಆಗೋಯ್ತು!" ಪೂಜಾರಿ ಕೈಮುಗಿದ.

ಮುದುಕಿ ಕದಲಲಿಲ್ಲ. "ಇನ್ನೊಂದು ತಡವೆ ಹೂ ಮಡಚಿ ಹಾಕು ಸಾಮಿ."

"ಬಿಳೀದೇ ಬಂತಲ್ಲ ತಾಯಿ?"

"ಅದು ಬಂದದ್ದಕ್ಕೇ ಕೇಳೋದು." ಅವಳು ಮಗಳ ತೋಳು ಹಿಡಿದಳು. "ಅವನ್ಗೆ ತಿಂಗಳಿಂದ ಅಳ್ತಾ ಇವ್ನಿ, ಅದು ಪಳಕ್ಕಾ ಆಗೋಯ್ತು, ರೂಢಿ ಆಗೋಯ್ತು. ಇವಳ್ಗೆ ಏನಾರಾ ಆದ್ರೆ ಅಳಾಕೂ ನಾನು ಇರಾಕಿಲ್ಲ."

ತೇನ್‌ಮೊಳಿ ಅವ್ವನ ಮುಖವನ್ನೇ ನೋಡಿದಳು. ಮೂವತ್ತೊಂಬತ್ತು ವರ್ಷದಲ್ಲಿ ಆ ಮುಖದಲ್ಲಿ ತನಗಾಗಿ ಹುಟ್ಟಿದ ಭಯವನ್ನು ಅವಳು ಕಂಡದ್ದು ಇದೇ ಮೊದಲು. ಮಾರಿಮುತ್ತು ಗೊಣಗುತ್ತಲೇ ಮತ್ತೆ ಎಲೆ ಮಡಿಸಲು ಹೋದಾಗ ಅವಳು ಅವನ ಕೈ ತಡೆದಳು.

"ಸಾಕು ಸಾಮಿ. ದೇವ್ರು ಕೊಡು ಅಂದಾಗ ಬಯ ಇತ್ತು. ಅವ್ವ ಬ್ಯಾಡ ಅಂದ್ಲಲ್ಲ, ಇನ್ನು ಕೊಡ್ತೀನಿ."