ಬಾಗಿಲಿಗೆ ಗುರುತು ಸಿಗದ ಮುಖ

ಊರಿನ ಬಾಗಿಲುಗಳೆಲ್ಲ ಮುಖ ನೋಡಿಯೇ ತೆರೆಯುತ್ತಿದ್ದ ಕಾಲವದು. ಕರುಳಿನ ಹುಣ್ಣಿಗೆ ನುಂಗುತ್ತಿದ್ದ ಸ್ಟೆರಾಯ್ಡ್ ಮಾತ್ರೆಗಳಿಂದ ಕಸ್ತೂರಿಯ ಮುಖ ತಿಂಗಳೊಳಗೆ ಊದಿಕೊಂಡಿತ್ತು. ಬೆಳಿಗ್ಗೆ ಗಂಜಿ ಬಿಟ್ಟು ಬೇರೇನೂ ಮುಟ್ಟದಿದ್ದರೂ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಹೊಟ್ಟೆ ಹಿಂಡತೊಡಗಿತು. ಶೌಚಾಲಯಕ್ಕೆ ಓಡಿದಳು.

"ಗುರುತು ಸಿಗಲಿಲ್ಲ" ಎಂದಿತು ಬಾಗಿಲು.

ಮೂರು ಸಲ ಮುಖ ತೋರಿಸಿದರೂ ಅದೇ ಉತ್ತರ. ಎಲ್ಲರೆದುರೇ ಸೀರೆ ಕೆಟ್ಟೀತೆಂಬ ಭಯಕ್ಕೆ ಬಾಗಿಲನ್ನು ಬಡಿದಳು.

ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಮುಂದೆ ಬಾಗಿ ತನ್ನ ಮುಖ ತೋರಿಸಿದಳು. ಬಾಗಿಲು ತೆರೆಯಿತು. "ಲಗೂನ ಹೋಗವಾ!"

ಒಳಗೆ ಕುಳಿತ ಮೇಲೆ ಕಸ್ತೂರಿಗೆ ಹೊಳೆಯಿತು: ಹೊರಬರಲೂ ಬಾಗಿಲು ಮುಖವನ್ನೇ ಕೇಳುತ್ತದೆ.

"ಅಜ್ಜೀ, ಹೋಗಬ್ಯಾಡ್ರೀ!" ಎಂದು ಕೂಗಿದಳು.

ಹೊರಗೆ ಬಸ್ಸೊಂದು ಹೊರಟ ಸದ್ದಾಯಿತು. ಆಮೇಲೆ ಮುದುಕಿಯ ದನಿ ಕೇಳಿಸಿತು. "ನನ್ನ ಬಸ್ಸು ಹೋತು, ಹೋಗ್ಲಿ ಬಿಡು. ಇಲ್ಲೇ ನಿಂತೀನಿ. ನೀ ಸಾವಕಾಶ ಬಾ, ನನ್ನವ್ವಾ."